ಬೇಸಿಗೆಯಲ್ಲಿ ದಿನವಿಡೀ ಏಣಿನ ಮೇಲೆ: ಚಾರಣಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಶಿಖರ ಹತ್ತಿ, ಬಂದ ದಾರಿಯಲ್ಲೇ ಇಳಿಯುವುದು ರೂಢಿಯಾದ ಮೇಲೆ ಒಂದು ದಿನ ಕಣ್ಣು ಆಚೆಗೆ ಹೋಗುತ್ತದೆ. ನಾವು ನಿಂತ ನೆತ್ತಿಯಿಂದ ಮುಂದಿನ ನೆತ್ತಿಗೆ, ಅಲ್ಲಿಂದ ಅದರಾಚೆಗೆ, ಬೆನ್ನುಮೂಳೆಯಂತೆ ಚಾಚಿಕೊಂಡ ಏಣು ಕಾಣುತ್ತದೆ. ಕೆಳಗಿಳಿಯದೆ ಅದರ ಮೇಲೇ ನಡೆದುಹೋದರೆ ಹೇಗೆ? ಆ ಆಸೆ ಹುಟ್ಟಿದವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಹಿಮವಿಲ್ಲದ, ಹಗ್ಗ ಬೇಕಿಲ್ಲದ, ಆದರೆ ರಸ್ತೆ ಮತ್ತು ಮನೆಗಳಿಂದ ದೂರವಿರುವ ಬೆಟ್ಟಗಳಲ್ಲಿ ಒಂದೇ ಹಗಲಿನಲ್ಲಿ ಮುಗಿಸುವ ನಡಿಗೆ ಇಲ್ಲಿನ ವಿಷಯ.

ಒಂದು ಶಿಖರ ಹತ್ತಿ ಇಳಿಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಒಂದೇ ಶಿಖರದ ಚಾರಣದಲ್ಲಿ ಸುಸ್ತಾದರೆ ತಿರುಗಿ ನಿಂತರೆ ಸಾಕು, ದಾರಿ ಗೊತ್ತಿರುತ್ತದೆ, ಪ್ರತಿ ಹೆಜ್ಜೆಯೂ ಮನೆಯ ಕಡೆಗೇ. ಏಣಿನ ನಡಿಗೆಯಲ್ಲಿ ಹಾಗಲ್ಲ. ಮೂರನೆಯ ಶಿಖರದ ಹೊತ್ತಿಗೆ ಹಿಂದಿರುಗುವ ದೂರವೂ ಮುಂದೆ ಹೋಗುವ ದೂರವೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಎರಡೂ ಬದಿಯ ಇಳಿಜಾರುಗಳಲ್ಲಿ ಬಹುಪಾಲು ಇಳಿಯಲು ಬಾರದಷ್ಟು ಕಡಿದು. ಇಳಿಯಬಹುದಾದ ಜಾಗಗಳು ಇಡೀ ಏಣಿನಲ್ಲಿ ಎರಡೋ ಮೂರೋ ಇರುತ್ತವೆ, ಸಾಮಾನ್ಯವಾಗಿ ಎರಡು ಶಿಖರಗಳ ನಡುವಿನ ತಗ್ಗಿನಲ್ಲಿ.

ಆದ್ದರಿಂದ ನಾನು ಏಣಿನ ನಡಿಗೆಯನ್ನು ಶಿಖರಗಳ ಪಟ್ಟಿಯಾಗಿ ನೋಡುವುದನ್ನು ಬಿಟ್ಟು ಬಹಳ ವರ್ಷಗಳಾದವು. ಇಳಿದಾರಿಗಳ ಸರಪಳಿಯಾಗಿ ನೋಡುತ್ತೇನೆ. ಮೊದಲ ಇಳಿದಾರಿ ಎಲ್ಲಿ, ಅದನ್ನು ದಾಟಿದರೆ ಮುಂದಿನದು ಎಷ್ಟು ಹೊತ್ತಿನ ದಾರಿ, ಯಾವುದು ಯಾವ ಕಣಿವೆಗೆ ಇಳಿಸುತ್ತದೆ? ಇಷ್ಟು ಮನಸ್ಸಿನಲ್ಲಿದ್ದರೆ ಕೆಳಗಿನ ಅರ್ಧದಷ್ಟು ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಸಿಗುತ್ತದೆ.

ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕುವುದು ಹೇಗೆ?

1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. 3 ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಕೆಗೆ ಇನ್ನೊಂದು ಗಂಟೆ. ಮೆಟ್ರಿಕ್ ಅಳತೆಯಲ್ಲಿ 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ ಎಂದಿಟ್ಟುಕೊಳ್ಳಬಹುದು. 22 ಕಿಲೋಮೀಟರ್ ದೂರ, ಒಟ್ಟು 1,500 ಮೀಟರ್ ಏರಿಕೆ ಇದ್ದರೆ ದೂರಕ್ಕೆ 4 ಗಂಟೆ 24 ನಿಮಿಷ, ಏರಿಕೆಗೆ ಎರಡೂವರೆ ಗಂಟೆ, ಒಟ್ಟು 7 ಗಂಟೆಯ ಆಸುಪಾಸು.

ಇದರಲ್ಲಿ ಕುಳಿತ ಹೊತ್ತು, ನೀರು ಕುಡಿದ ಹೊತ್ತು, ನಕ್ಷೆ ಬಿಡಿಸಿದ ಹೊತ್ತು ಯಾವುದೂ ಸೇರಿಲ್ಲ. ಸಾಲದ್ದಕ್ಕೆ ಸೂತ್ರ ಗಟ್ಟಿ ಕಾಲಿನವರಿಗೆ ಹೊಂದುವಂಥದ್ದು. ಇಳಿಜಾರಿಗೆಂದು ಬ್ರಿಟನ್ನಿನ ಪರ್ವತಾರೋಹಿ ಎರಿಕ್ ಲ್ಯಾಂಗ್ಮ್ಯೂರ್ ಒಂದು ತಿದ್ದುಪಡಿ ಸೇರಿಸಿದರು: ಹದವಾದ ಇಳಿಜಾರಾದರೆ ಪ್ರತಿ 300 ಮೀಟರಿಗೆ 10 ನಿಮಿಷ ಕಳೆಯಿರಿ, ಕಡಿದಾದರೆ 10 ನಿಮಿಷ ಕೂಡಿಸಿ. ಕಡಿದಾದ ಇಳಿಜಾರು ಹೊತ್ತು ತಿನ್ನುತ್ತದೆ ಎಂಬುದು ಹೊಸಬರಿಗೆ ಹೊಳೆಯದ ಸಂಗತಿ. ನನ್ನ ರೂಢಿಯಲ್ಲಿ ಸೂತ್ರ 7 ಗಂಟೆ ಎಂದರೆ 9 ಗಂಟೆಯ ದಿನ ಎಂದು ಬರೆದುಕೊಳ್ಳುತ್ತೇನೆ. ಗುಂಪು ದೊಡ್ಡದಾದರೆ 10.

ಏರಿಕೆಯನ್ನು ಕೂಡುವಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಅತಿ ಎತ್ತರದ ಶಿಖರದಿಂದ ಬುಡದ ಎತ್ತರ ಕಳೆದು ಅದನ್ನೇ ಏರಿಕೆ ಎಂದುಕೊಳ್ಳುತ್ತಾರೆ. ಏಣು ಗರಗಸದ ಹಲ್ಲಿನಂತೆ ಹತ್ತಿ ಇಳಿಯುತ್ತದೆ. ಪ್ರತಿ ತಗ್ಗಿನಿಂದ ಮುಂದಿನ ನೆತ್ತಿಗೆ ಹತ್ತುವ ಮೀಟರುಗಳನ್ನು ಒಂದೊಂದಾಗಿ ಕೂಡಿದರೆ ಮೊತ್ತ ಹಲವೊಮ್ಮೆ ಊಹಿಸಿದ್ದರ ಒಂದೂವರೆ ಪಟ್ಟಾಗುತ್ತದೆ.

ಬೇಸಿಗೆಯ ಹಗಲು ಉದ್ದವಲ್ಲವೇ? ನಿಧಾನವಾಗಿ ಹೊರಟರೆ ಏನಾಗುತ್ತದೆ?

ಎಷ್ಟು ಉದ್ದ ಎಂಬುದು ನೀವು ಭೂಮಿಯ ಮೇಲೆ ಎಲ್ಲಿದ್ದೀರಿ ಎಂಬುದರ ಮೇಲಿದೆ. ಬೇಸಿಗೆಯ ಅತಿ ದೀರ್ಘ ಹಗಲು 57 ಡಿಗ್ರಿ ಅಕ್ಷಾಂಶದಲ್ಲಿ ಹದಿನೇಳೂವರೆ ಗಂಟೆಗೂ ಹೆಚ್ಚು. 15 ಡಿಗ್ರಿಯಲ್ಲಿ 13 ಗಂಟೆಯ ಹತ್ತಿರ. ಸಮಭಾಜಕದ ಸಮೀಪ ಮುಸ್ಸಂಜೆಯೂ ಚಿಕ್ಕದು, ಸೂರ್ಯ ಮುಳುಗಿದ ಅರ್ಧ ಗಂಟೆಯೊಳಗೆ ಕತ್ತಲು ಗಟ್ಟಿಯಾಗುತ್ತದೆ.

ಹಗಲು ಎಷ್ಟೇ ಉದ್ದವಿರಲಿ, ಬೆಳಿಗ್ಗೆ ಬೇಗ ಹೊರಡಲು ಬೇರೆ ಕಾರಣವೂ ಇದೆ. ಬಿಸಿಲಿಗೆ ನೆಲ ಕಾದಂತೆ ಗಾಳಿ ಮೇಲೇರಿ ಮಧ್ಯಾಹ್ನದ ಮೇಲೆ ಗುಡುಗುಮೋಡ ಕಟ್ಟುವುದು ಬೆಟ್ಟಸೀಮೆಯ ಬೇಸಿಗೆಯ ಸ್ವಭಾವ. ಮಧ್ಯಾಹ್ನ ಎರಡರ ಹೊತ್ತಿಗೆ ಅತಿ ಎತ್ತರದ ಭಾಗ ಹಿಂದೆ ಬಿದ್ದಿರುವಂತೆ ಹೊರಟರೆ ದಿನ ನಿಮ್ಮ ಕೈಯಲ್ಲಿರುತ್ತದೆ. ತಲೆದೀಪ ಮಾತ್ರ ಬೆಳಗಿನ ಜಾವಕ್ಕೆ ಹೊರಟರೂ ಚೀಲದಲ್ಲಿರಲಿ.

ನಕ್ಷೆಯಲ್ಲಿ ಏನು ನೋಡಬೇಕು?

ಸಮೋನ್ನತಿ ರೇಖೆಗಳನ್ನು. ಇವಕ್ಕೂ ಬೇಸಿಗೆಯ ಬೆಟ್ಟಕ್ಕೂ ಹಳೆಯ ನಂಟಿದೆ. 1774ರಲ್ಲಿ ಖಗೋಳಜ್ಞ ನೆವಿಲ್ ಮ್ಯಾಸ್ಕೆಲಿನ್ ಸ್ಕಾಟ್ಲೆಂಡಿನ ಶಿಹ್ಯಾಲಿಯನ್ ಬೆಟ್ಟದ ಇಕ್ಕೆಲಗಳಲ್ಲಿ ಬಿಡಾರ ಹೂಡಿ, ಬೆಟ್ಟದ ಗುರುತ್ವ ತೂಗುಗುಂಡನ್ನು ಎಷ್ಟು ಸೆಳೆಯುತ್ತದೆ ಎಂದು ಅಳೆದರು. ಅದರಿಂದ ಭೂಮಿಯ ಸಾಂದ್ರತೆ ತಿಳಿಯುವುದು ಉದ್ದೇಶ. ಬೆಟ್ಟದ ಗಾತ್ರ ಲೆಕ್ಕ ಹಾಕುವ ಕೆಲಸ ಗಣಿತಜ್ಞ ಚಾರ್ಲ್ಸ್ ಹಟನ್ ಪಾಲಿಗೆ ಬಂತು. ಕಾಗದದ ತುಂಬ ಚೆಲ್ಲಿದ ನೂರಾರು ಎತ್ತರದ ಅಂಕಿಗಳ ಮುಂದೆ ಕುಳಿತು, ಒಂದೇ ಎತ್ತರದ ಬಿಂದುಗಳನ್ನು ಅವರು ಗೆರೆ ಎಳೆದು ಕೂಡಿಸಿದರು. ಬೆಟ್ಟದ ಆಕಾರ ಕಾಗದದಿಂದ ಎದ್ದುಬಂತು. ಇಂದು ನಾವು ನಕ್ಷೆಯಲ್ಲಿ ಬೆರಳಾಡಿಸುವ ಗೆರೆಗಳು ಅದೇ ಜಾಣ್ಮೆಯವು.

ಗೆರೆಗಳು ಒತ್ತಾಗಿದ್ದರೆ ಕಡಿದು, ದೂರವಿದ್ದರೆ ಹದ. ಗೆರೆಗಳು ಬೆರಳಿನಂತೆ ತಗ್ಗಿನ ಕಡೆಗೆ ಚಾಚಿದ್ದರೆ ಅದು ಏಣು, ಎತ್ತರದ ಕಡೆಗೆ ಚಾಚಿದ್ದರೆ ಕೊರಕಲು. ಎರಡು ಶಿಖರಗಳ ನಡುವೆ ಗೆರೆಗಳು ಎರಡೂ ಕಡೆ ಬೆನ್ನು ತಿರುಗಿಸಿ ನಿಂತ ಜಾಗವೇ ತಗ್ಗು. ಗೆರೆಗಳ ಅಂತರ 10 ಮೀಟರ್ ಇರುವ ನಕ್ಷೆಯಲ್ಲಿ 8 ಮೀಟರಿನ ಬಂಡೆ ಎರಡು ಗೆರೆಗಳ ನಡುವೆ ಕಾಣದೆ ಕುಳಿತಿರಬಹುದು ಎಂಬುದೂ ನೆನಪಿರಲಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹತ್ತುವಾಗ ದಾರಿ ತಪ್ಪುವುದು ಕಷ್ಟ, ಇಳಿಯುವಾಗ ಸುಲಭ. ಬೆಟ್ಟದ ಕವಲು ಏಣುಗಳೆಲ್ಲ ಮೇಲೆ ಹೋದಂತೆ ಒಂದಾಗುತ್ತವೆ. ಯಾವುದನ್ನು ಹಿಡಿದರೂ ನೆತ್ತಿ ಸೇರುತ್ತೀರಿ. ಇಳಿಯುವಾಗ ಅದೇ ಏಣು ಕೈಬೆರಳುಗಳಂತೆ ಕವಲೊಡೆಯುತ್ತದೆ. ಮೊದಲ ನೂರು ಹೆಜ್ಜೆಗಳಲ್ಲಿ ಎರಡು ಕವಲುಗಳ ನಡುವೆ ಏನೇನೂ ವ್ಯತ್ಯಾಸವಿರುವುದಿಲ್ಲ, ಒಂದು ಗಂಟೆಯ ನಂತರ ನಡುವೆ ಒಂದು ಇಡೀ ಕಣಿವೆ ಇರುತ್ತದೆ. ನಾನು ಹೀಗೆ ಒಮ್ಮೆ ತಪ್ಪಿದ್ದೇನೆ. ಆಕಾಶ ನಿರ್ಮಲವಾಗಿತ್ತು, ಮಾತಾಡುತ್ತ ಇಳಿಯುತ್ತಿದ್ದೆವು, ಕಾಲಿಗೆ ಹಿತವಾದ ಹುಲ್ಲು ಇದ್ದ ಕಡೆ ಕಾಲು ಹೋಯಿತು. ತಪ್ಪು ತಿಳಿದಾಗ 250 ಮೀಟರ್ ಇಳಿದಾಗಿತ್ತು. ಅಷ್ಟನ್ನೂ ಮತ್ತೆ ಹತ್ತಿದೆವು. ಅಂದಿನಿಂದ ಪ್ರತಿ ಶಿಖರದಲ್ಲೂ, ಎಷ್ಟೇ ಸ್ಪಷ್ಟವಾಗಿ ಕಾಣುತ್ತಿದ್ದರೂ, ಹೊರಡುವ ಮುನ್ನ ದಿಕ್ಸೂಚಿ ತೆಗೆದು ಇಳಿಯುವ ದಿಕ್ಕನ್ನು ನೋಡುತ್ತೇನೆ. ಹತ್ತು ಸೆಕೆಂಡಿನ ಕೆಲಸ.

ಫೋನಿನಲ್ಲೇ ನಕ್ಷೆ ಇರುವಾಗ ಕಾಗದ ಮತ್ತು ದಿಕ್ಸೂಚಿ ಏಕೆ?

ಫೋನ್ ಬಳಸಿ, ನಾನೂ ಬಳಸುತ್ತೇನೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡು ಏರೋಪ್ಲೇನ್ ಮೋಡ್‌ನಲ್ಲಿಟ್ಟರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ, ಜಿಪಿಎಸ್‌ಗೆ ಮೊಬೈಲ್ ಸಿಗ್ನಲ್ ಬೇಕಿಲ್ಲ. ಆದರೆ ಫೋನ್ ನೀವು ಎಲ್ಲಿದ್ದೀರಿ ಎಂಬುದನ್ನು ತೋರಿಸುವಷ್ಟು ಚೆನ್ನಾಗಿ ಸುತ್ತ ಏನಿದೆ ಎಂಬುದನ್ನು ತೋರಿಸದು. ಇಡೀ ಬೆಟ್ಟಸಾಲನ್ನು ಒಂದೇ ನೋಟಕ್ಕೆ ಹಿಡಿಯಲು ಅಗಲವಾದ ಕಾಗದಕ್ಕೆ ಸಾಟಿಯಿಲ್ಲ. ಮಳೆಯಲ್ಲಿ ಒದ್ದೆ ಬೆರಳಿಗೆ ಪರದೆ ಓಗೊಡದಿದ್ದಾಗಲೂ ಅದು ಜೊತೆಗಿರುತ್ತದೆ.

ದಿಕ್ಸೂಚಿಯ ಮುಳ್ಳು ತೋರುವುದು ಅಯಸ್ಕಾಂತೀಯ ಉತ್ತರವನ್ನು. ನಕ್ಷೆಯ ಉತ್ತರಕ್ಕೂ ಅದಕ್ಕೂ ಇರುವ ಅಂತರ ಊರಿಂದೂರಿಗೆ ಬೇರೆ, ವರ್ಷದಿಂದ ವರ್ಷಕ್ಕೂ ಬದಲಾಗುತ್ತದೆ. ನಕ್ಷೆಯ ಅಂಚಿನಲ್ಲಿ ಬರೆದಿರುತ್ತಾರೆ. 10 ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರ್ ನಡೆಯುವಷ್ಟರಲ್ಲಿ 175 ಮೀಟರ್ ಪಕ್ಕಕ್ಕೆ ಹೋಗಿರುತ್ತೀರಿ. ಅಗಲ ಕಿರಿದಾದ ಏಣಿನಲ್ಲಿ ಅದು ಸಣ್ಣ ತಪ್ಪಲ್ಲ.

ಏಣಿನ ಮೇಲಿದ್ದಾಗ ಮೋಡ ಕವಿದರೆ?

ಮೊದಲು ನಿಲ್ಲಿ. ಕಡೆಯದಾಗಿ ಖಚಿತವಾಗಿ ಗೊತ್ತಿದ್ದ ಜಾಗ ಯಾವುದು, ಅಲ್ಲಿಂದ ಎಷ್ಟು ನಿಮಿಷ ನಡೆದಿದ್ದೀರಿ ಎಂದು ಮೊದಲು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ನಂತರ ಚಿಕ್ಕ ಚಿಕ್ಕ ತುಂಡುಗಳಲ್ಲಿ ಸಾಗಿ: ದಿಕ್ಕು ನೋಡಿ, ಆ ದಿಕ್ಕಿನಲ್ಲಿ ಕಾಣುವ ಒಂದು ಕಲ್ಲನ್ನು ಗುರುತಿಸಿ, ಅದನ್ನು ಮುಟ್ಟಿ, ಮತ್ತೆ ದಿಕ್ಕು ನೋಡಿ. ಹೆಜ್ಜೆ ಎಣಿಸುವ ಅಭ್ಯಾಸ ಇಲ್ಲಿ ಕೈಹಿಡಿಯುತ್ತದೆ. ಸಮತಟ್ಟಿನಲ್ಲಿ 100 ಮೀಟರಿಗೆ ನನ್ನ ಎಡಗಾಲು 62 ಸಲ ನೆಲ ಮುಟ್ಟುತ್ತದೆ. ನಿಮ್ಮದು ಎಷ್ಟೆಂದು ಬಯಲಿನಲ್ಲೇ ಅಳೆದಿಟ್ಟುಕೊಳ್ಳಿ. ಏಣು ಮಂಜಿನಲ್ಲಿ ದಾರಿಯೂ ಹೌದು: ಎರಡೂ ಬದಿಗೆ ನೆಲ ಇಳಿಯುತ್ತಿದ್ದರೆ ನೀವು ಅದರ ಮೇಲೇ ಇದ್ದೀರಿ.

ಮೋಡವನ್ನು ಶಪಿಸಬೇಡಿ. ಕೆಲವೊಮ್ಮೆ ಅದು ಒಂದು ಬದಿಯ ಕಣಿವೆಯಲ್ಲಿ ಮಾತ್ರ ತುಂಬಿಕೊಂಡು, ಸೂರ್ಯ ನಿಮ್ಮ ಬೆನ್ನ ಹಿಂದಿರುವಾಗ, ನಿಮ್ಮದೇ ನೆರಳು ಮಂಜಿನ ಮೇಲೆ ದೈತ್ಯನಂತೆ ಬೀಳುತ್ತದೆ. ತಲೆಯ ಸುತ್ತ ಬಣ್ಣದ ಬಳೆಗಳು. ನಿಮ್ಮ ತಲೆಯ ಸುತ್ತಲಿನ ಬಳೆ ನಿಮಗೆ ಮಾತ್ರ ಕಾಣುತ್ತದೆ, ಪಕ್ಕದವರಿಗೆ ಅವರದು. ಜರ್ಮನಿಯ ಬ್ರೋಕನ್ ಶಿಖರದ ಹೆಸರಿನಿಂದ ಇದನ್ನು ಬ್ರೋಕನ್ ಭೂತ ಎನ್ನುತ್ತಾರೆ. 1894ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಶಿಖರದ ಹವಾಮಾನ ವೀಕ್ಷಣಾಲಯದಲ್ಲಿ ಕೆಲವು ವಾರ ಕಳೆದ ಯುವ ಭೌತವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ ಈ ಬಣ್ಣದ ಬಳೆಗಳಿಗೆ ಮರುಳಾದರು. ಅದನ್ನು ಪ್ರಯೋಗಾಲಯದಲ್ಲಿ ಮರುಸೃಷ್ಟಿಸಲು ಗಾಜಿನ ಪಾತ್ರೆಯಲ್ಲಿ ಮೋಡ ಮಾಡತೊಡಗಿದರು. ಅದೇ ಮುಂದೆ ಪರಮಾಣುವಿಗಿಂತ ಚಿಕ್ಕ ಕಣಗಳ ಜಾಡು ತೋರಿಸುವ ಮೇಘಕೋಷ್ಠವಾಗಿ, 1927ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ತಂದಿತು. ಬೆಟ್ಟದ ಮೇಲೆ ಕೆಲಹೊತ್ತು ಸುಮ್ಮನೆ ನಿಂತು ನೋಡಿ ಎಂದು ನಾನು ಹೇಳುವಾಗಲೆಲ್ಲ ವಿಲ್ಸನ್ ನೆನಪಾಗುತ್ತಾರೆ.

ಗುಡುಗು ಕೇಳಿಸಿದರೆ ಏನು ಮಾಡಬೇಕು?

ಇಳಿಯಬೇಕು. ಆಗಲೇ, ಹತ್ತಿರದ ಇಳಿದಾರಿಯಿಂದ.

ಮೇಲೆ ಹೇಳಿದ ವಿಲ್ಸನ್ ಮರುವರ್ಷ, 1895ರ ಜೂನ್‌ನಲ್ಲಿ, ಬೆನ್ ನೆವಿಸ್‌ನ ಪಕ್ಕದ ಕಾರ್ನ್ ಮೋರ್ ಡರ್ಗ್ ಶಿಖರದಲ್ಲಿದ್ದಾಗ ತಲೆಗೂದಲು ನೆಟ್ಟಗಾಯಿತು. ಅವರು ನೋಡುತ್ತ ನಿಲ್ಲಲಿಲ್ಲ, ಕಲ್ಲುಪುಡಿಯ ಇಳಿಜಾರಿನಲ್ಲಿ ಓಡಿ ಇಳಿದರು. ಕೂದಲು ನಿಮಿರುವುದು, ಊರುಗೋಲಿನ ಲೋಹ ಗುಂಯ್‌ಗುಡುವುದು, ಇವೆಲ್ಲ ಕಡೆಯ ಎಚ್ಚರಿಕೆಗಳು. ಅಲ್ಲಿಯವರೆಗೆ ಕಾಯಬಾರದು.

ಮಿಂಚು ಕಂಡ ಕ್ಷಣದಿಂದ ಗುಡುಗಿನವರೆಗೆ ಎಣಿಸಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಬೇಕು. 30 ಸೆಕೆಂಡಿಗಿಂತ ಕಡಿಮೆ ಎಂದರೆ ಮೋಡ 10 ಕಿಲೋಮೀಟರಿನೊಳಗಿದೆ, ನೀವು ಅಪಾಯದ ವ್ಯಾಪ್ತಿಯಲ್ಲಿದ್ದೀರಿ. ಕಡೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೆ ಏಣಿಗೆ ಮರಳಬೇಡಿ. ಇಳಿಯಲು ಆಗದ ಜಾಗದಲ್ಲಿ ಸಿಕ್ಕಿಕೊಂಡರೆ ನೆತ್ತಿಯಿಂದಲೂ ಒಂಟಿ ಮರದಿಂದಲೂ ದೂರ ಸರಿಯಿರಿ. ಬಂಡೆಯ ಚಾಚಿನ ಕೆಳಗೆ, ಚಿಕ್ಕ ಗುಹೆಯ ಬಾಯಲ್ಲಿ ನಿಲ್ಲಬೇಡಿ, ನೆಲದ ಮೇಲೆ ಹರಿಯುವ ವಿದ್ಯುತ್ತು ಅಲ್ಲಿ ದೇಹದ ಮೂಲಕ ಹಾಯಬಹುದು. ನೆಲದ ಮೇಲೆ ಉದ್ದಕ್ಕೆ ಮಲಗುವುದೂ ಅದೇ ಕಾರಣಕ್ಕೆ ತಪ್ಪು. ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಿ. ಗುಂಪಿದ್ದರೆ ಚದುರಿ, ಒಬ್ಬರಿಗೆ ಪೆಟ್ಟಾದರೂ ಉಳಿದವರು ನೆರವಾಗಬಹುದು. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಉಸಿರು ನಿಂತಿದ್ದರೆ ತಡಮಾಡದೆ ಎದೆಯೊತ್ತುವ ಚಿಕಿತ್ಸೆ ಶುರು ಮಾಡಿ.

ಬೇಸಿಗೆಯಲ್ಲಿ ಚಳಿಯ ಬಟ್ಟೆ ಯಾಕೆ ಹೊರಬೇಕು?

ಎತ್ತರ 1,000 ಮೀಟರ್ ಹೆಚ್ಚಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಕಣಿವೆಯಲ್ಲಿ 20 ಡಿಗ್ರಿ ಇದ್ದರೆ 1,200 ಮೀಟರ್ ಮೇಲೆ 12. ಅದರ ಮೇಲೆ ಗಾಳಿ. ಗಾಳಿಯ ವೇಗ ದುಪ್ಪಟ್ಟಾದರೆ ಮೈಮೇಲೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಬೆವರಿನಲ್ಲೋ ಮಳೆಯಲ್ಲೋ ತೊಯ್ದ ಹತ್ತಿ ಬಟ್ಟೆ ಆ ಗಾಳಿಯಲ್ಲಿ ಮೈಯ ಶಾಖವನ್ನು ಹೀರಿ ಹಾಕುತ್ತದೆ. ಘನೀಭವಿಸುವ ಚಳಿಯೇ ಇರಬೇಕೆಂದಿಲ್ಲ, 10 ಡಿಗ್ರಿಯಲ್ಲೂ ತೊಯ್ದು ದಣಿದ ಮೈ ಕುಸಿಯುತ್ತದೆ.

ಜೊತೆಯವರು ಎಡವತೊಡಗಿದರೆ, ಮಾತು ತೊದಲಿದರೆ, ಇದ್ದಕ್ಕಿದ್ದಂತೆ ಮುನಿಸಿಕೊಂಡು ಮೌನವಾದರೆ ಸುಸ್ತೆಂದು ತಳ್ಳಿಹಾಕಬೇಡಿ. ಗಾಳಿ ಮರೆಗೆ ಕರೆದೊಯ್ದು, ಒಣ ಬಟ್ಟೆ ತೊಡಿಸಿ, ಸಿಹಿಯಾದದ್ದೇನಾದರೂ ತಿನ್ನಿಸಿ. ಹಗುರವಾದ ಒಂದು ಬೆಚ್ಚನೆಯ ಪದರ, ಗಾಳಿ ಮಳೆ ತಡೆಯುವ ಮೇಲಂಗಿ, ತಲೆಗೊಂದು ಟೊಪ್ಪಿ: ಬೇಸಿಗೆಯಲ್ಲಿ ಇವು ಚೀಲದ ತಳದಲ್ಲಿ ಬಳಕೆಯಾಗದೆ ವಾಪಸು ಬಂದರೆ ಅದು ಒಳ್ಳೆಯ ದಿನ.

ಬಿಸಿಲಿನ ವಿಷಯ?

ಮರದ ನೆರಳಿಲ್ಲದ ಏಣಿನಲ್ಲಿ ದಿನವಿಡೀ ಬಿಸಿಲು. ನೇರಳಾತೀತ ಕಿರಣ 1,000 ಮೀಟರಿಗೆ ಸುಮಾರು ಶೇ 10ರಷ್ಟು ಹೆಚ್ಚುತ್ತದೆ, ತಣ್ಣನೆ ಗಾಳಿ ಬೀಸುತ್ತಿದ್ದರೆ ಸುಡುವುದು ಗೊತ್ತೇ ಆಗುವುದಿಲ್ಲ. ಅಂಚಿರುವ ಟೊಪ್ಪಿ, ಕತ್ತು ಮುಚ್ಚುವ ಬಟ್ಟೆ, ಉದ್ದ ತೋಳು. ಯಾರಾದರೂ ಬಿಸಿಲಿನಲ್ಲಿ ಗೊಂದಲದ ಮಾತಾಡತೊಡಗಿದರೆ ಅದು ಬಿಸಿಲಾಘಾತ. ನೆರಳು ಮಾಡಿ, ನೀರು ಚಿಮುಕಿಸಿ, ಗಾಳಿ ಬೀಸಿ, ನೆರವು ಕರೆಯಿರಿ.

ಎಷ್ಟು ನೀರು? ಮೇಲೆ ಸಿಗುತ್ತದೆಯೇ?

ಸಿಗುವುದಿಲ್ಲ ಎಂದೇ ಹೊರಡಿ. ಮಳೆನೀರು ಏಣಿನ ಎರಡೂ ಬದಿಗೆ ಹರಿದುಹೋಗುತ್ತದೆ, ಒರತೆ ಇರುವುದು ಬಹಳ ಕೆಳಗೆ. ನಡೆಯುವಾಗ ಗಂಟೆಗೆ ಅರ್ಧ ಲೀಟರ್ ಎಂಬುದು ಹದ ಹವೆಗೆ ಸರಿ, ಸೆಖೆಯಿದ್ದರೆ ಇನ್ನೂ ಬೇಕು. ಏಣಿಗೆ ಹತ್ತುವ ಮುನ್ನ ಸಿಗುವ ಕಡೆಯ ತೊರೆಯನ್ನು ನಕ್ಷೆಯಲ್ಲಿ ಗುರುತು ಹಾಕಿ, ಅಲ್ಲಿ ಹೊಟ್ಟೆ ತುಂಬ ಕುಡಿದು ಬಾಟಲಿಗಳನ್ನೂ ತುಂಬಿಕೊಳ್ಳಿ. ತೊರೆಯ ನೀರು ಎಷ್ಟೇ ತಿಳಿಯಾಗಿರಲಿ, ಮೇಲ್ಭಾಗದಲ್ಲಿ ಸತ್ತ ಪ್ರಾಣಿ ಬಿದ್ದಿರಬಹುದು. ರೋಗಾಣು ತಡೆಯುವ ಫಿಲ್ಟರಿನಲ್ಲಿ ಸೋಸಿ ಅಥವಾ ಕುದಿಸಿ: ಒಂದು ನಿಮಿಷ ಚೆನ್ನಾಗಿ, 2,000 ಮೀಟರಿಗಿಂತ ಮೇಲಾದರೆ ಮೂರು ನಿಮಿಷ. ಉಪ್ಪಿಲ್ಲದೆ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೂ ತಲೆನೋವು, ವಾಕರಿಕೆ ಬರುತ್ತದೆ. ಬೆವರಿನಲ್ಲಿ ಹೋದ ಉಪ್ಪು ಮರಳಬೇಕು. ತಿನಿಸನ್ನು ಒಂದೇ ಸಲ ಹೊಟ್ಟೆ ಬಿರಿಯುವಂತೆ ತಿನ್ನದೆ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ.

ಇಳಿಯುವಾಗ ಮಂಡಿ ನೋಯುವುದೇಕೆ?

ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಮೈಯ ಭಾರ ತಡೆಯಬೇಕು. ಸ್ನಾಯುಗಳಿಗೆ ಇದು ಹತ್ತುವುದಕ್ಕಿಂತ ಹೆಚ್ಚು ಪೆಟ್ಟು. ಅವು ದಣಿದಾಗ ಆ ಪೆಟ್ಟು ಮಂಡಿಗೆ ಬೀಳುತ್ತದೆ. ಹೆಜ್ಜೆ ಚಿಕ್ಕದಾಗಲಿ, ಮಂಡಿ ತುಸು ಬಾಗಿರಲಿ, ಎರಡು ಊರುಗೋಲು ಇದ್ದರೆ ಇನ್ನೂ ಒಳ್ಳೆಯದು. ಮರುದಿನಕ್ಕಿಂತ ಅದರ ಮರುದಿನ ತೊಡೆ ಹೆಚ್ಚು ನೋಯುವುದು ಸಹಜ.

ಉಣ್ಣಿ ಕಚ್ಚಿದರೆ?

ಸಂಜೆ ಮೈಯೆಲ್ಲ ನೋಡಿಕೊಳ್ಳಿ: ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ. ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಬೇಡ. ಮುಂದಿನ ವಾರಗಳಲ್ಲಿ ಜ್ವರವೋ ಹರಡುವ ಕೆಂಪು ಗುರುತೋ ಕಂಡರೆ ವೈದ್ಯರಿಗೆ ತೋರಿಸಿ, ಬೆಟ್ಟಕ್ಕೆ ಹೋಗಿದ್ದನ್ನು ಹೇಳಿ.

ಒಬ್ಬರೇ ಹೋಗಬಹುದೇ?

ಹೋಗಬಹುದು. ನಾನು ಕಂಡ ಅತ್ಯಂತ ಸುಂದರ ದಿನಗಳಲ್ಲಿ ಕೆಲವು ಒಂಟಿಯಾಗಿ ನಡೆದವು. ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇರದ ಏಣಿನಲ್ಲಿ ಮನಸ್ಸು ಮೆಲ್ಲಗೆ ತಿಳಿಯಾಗುವ ಬಗೆಯೇ ಬೇರೆ. ಆದರೆ ಒಂಟಿಯಾಗಿ ಹೋಗುವವರು ಗುಂಪಿನಲ್ಲಿ ದಾಟುವ ಕೆಲವು ಜಾಗಗಳನ್ನು ದಾಟಬಾರದು. ಜಾರುವ ಬಂಡೆ, ತುಂಬಿದ ತೊರೆ, ಕೈಯೂರಿ ಇಳಿಯಬೇಕಾದ ಕೊರಕಲು ಕಂಡಾಗ ಸುತ್ತಿಬಳಸುವ ದಾರಿಯೇ ನಿಮ್ಮದು. ಯಾವ ದಾರಿ, ಯಾವ ಇಳಿದಾರಿಗಳು, ಎಷ್ಟು ಗಂಟೆಯೊಳಗೆ ಸುದ್ದಿ ಬರದಿದ್ದರೆ ಯಾರಿಗೆ ತಿಳಿಸಬೇಕು ಎಂದು ಬರೆದು ನಂಬಿಕಸ್ಥರೊಬ್ಬರ ಕೈಗೆ ಕೊಡಿ. ಬರೆದ ದಾರಿಯನ್ನು ಬೆಟ್ಟದ ಮೇಲೆ ಬದಲಿಸಬೇಡಿ.

ಹಿಂದಿರುಗುವ ನಿರ್ಧಾರ ಯಾವಾಗ?

ಬುಡದಲ್ಲಿ, ನೆಲದ ಮೇಲೆ ನಿಂತಿರುವಾಗ. ಪ್ರತಿ ಇಳಿದಾರಿಗೂ ಒಂದು ಗಂಟೆ ಬರೆದುಕೊಳ್ಳಿ: ಮೊದಲ ತಗ್ಗು 10.30ರೊಳಗೆ, ಎರಡನೆಯದು 1ರೊಳಗೆ. ತಡವಾದರೆ ಅಲ್ಲೇ ಇಳಿಯುವುದು. ಮುಂದಿನ ಶಿಖರ ಕಣ್ಣೆದುರು ನಿಂತು ಕರೆಯುವಾಗ ಯಾರ ತೀರ್ಮಾನವೂ ನೆಟ್ಟಗಿರುವುದಿಲ್ಲ, ನನ್ನದಂತೂ ಅಲ್ಲವೇ ಅಲ್ಲ. ಆಗ ಬೆಳಿಗ್ಗೆ ಬರೆದ ಆ ಅಂಕಿಗೆ ಮಣಿಯುತ್ತೇನೆ.

ಕಾಲು ಮುರಿದರೆ, ಸಿಗ್ನಲ್ ಇಲ್ಲದಿದ್ದರೆ?

ಸೀಟಿ. ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಡಿ, ಮತ್ತೆ ಆರು. ರಾತ್ರಿಯಾದರೆ ದೀಪದಿಂದ ಅದೇ ಲೆಕ್ಕ. ಉತ್ತರವಾಗಿ ನಿಮಿಷಕ್ಕೆ ಮೂರು ಸಲ ಕೇಳಿಸಿದರೆ ಯಾರೋ ನಿಮ್ಮನ್ನು ಕಂಡಿದ್ದಾರೆ. ಆಗಲೂ ನಿಲ್ಲಿಸಬೇಡಿ, ಆ ಸದ್ದನ್ನು ಹಿಡಿದೇ ಅವರು ಬರಬೇಕು. ಅನೇಕ ದೇಶಗಳಲ್ಲಿ ತುರ್ತು ಸಂಖ್ಯೆ 112. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯದರ ಮೂಲಕ ಹೋಗಬಹುದು, ಪ್ರಯತ್ನಿಸಿ. ಇಬ್ಬರು ನುಸುಳುವಷ್ಟು ದೊಡ್ಡ ತುರ್ತು ಚೀಲ ಅಂಗೈಯಗಲಕ್ಕೆ ಮಡಿಸಿಡಬಹುದು. ನೆರವು ಬರಲು ತಾಸುಗಟ್ಟಲೆ ಬೇಕಾಗುವ ಜಾಗದಲ್ಲಿ ಅದೇ ಮನೆ.

ಶಿಖರದಲ್ಲಿ ಕಲ್ಲುಗುಪ್ಪೆಗೆ ಒಂದು ಕಲ್ಲು ಸೇರಿಸಬಹುದೇ?

ಬೇಡ ಎನ್ನುತ್ತೇನೆ. ಮಂಜಿನಲ್ಲಿ ದಾರಿ ತೋರಲು ಕಟ್ಟಿದ ಗುಪ್ಪೆಗಳ ನಡುವೆ ಹೊಸ ಗುಪ್ಪೆ ಎದ್ದರೆ ಮುಂದೆ ಬರುವವರು ತಪ್ಪು ಬದಿಗೆ ಹೋಗುತ್ತಾರೆ. ಕಲ್ಲು ಕಿತ್ತಲ್ಲಿ ತೆಳುಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ. ಎಷ್ಟೋ ಕಡೆ ಇದೇ ಹೊತ್ತಿನಲ್ಲಿ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು ಮರಿ ಮಾಡಿರುತ್ತವೆ. ಹಕ್ಕಿಯೊಂದು ರೆಕ್ಕೆ ಮುರಿದಂತೆ ನಟಿಸುತ್ತ ಮುಂದೆ ಮುಂದೆ ಓಡಿದರೆ ಗೂಡು ನಿಮ್ಮ ಕಾಲ ಬಳಿಯೇ ಇದೆ. ನೆಲ ನೋಡುತ್ತ ಬಂದ ದಾರಿಗೆ ಮರಳಿ. ಕೆಸರಿದ್ದರೂ ಕಾಲುದಾರಿಯ ನಡುವೆಯೇ ನಡೆಯಿರಿ. ಪಕ್ಕದ ಹುಲ್ಲು ತುಳಿದರೆ ದಾರಿ ವರ್ಷ ವರ್ಷಕ್ಕೂ ಅಗಲವಾಗುತ್ತ ಗಾಯದಂತೆ ಬೆಟ್ಟದ ಮೈಮೇಲೆ ಉಳಿಯುತ್ತದೆ.

ಕೆಳಗಿಳಿದ ಮೇಲೆ ಮೊದಲು ಮಾಡಬೇಕಾದ್ದೇನು?

ನೀವು ಚೀಟಿ ಕೊಟ್ಟು ಬಂದವರಿಗೆ ಇಳಿದೆ ಎಂದು ತಿಳಿಸಿ. ಬೂಟು ಬಿಚ್ಚುವುದು ಅದರ ನಂತರ.